ತ್ರಿವೇಣಿ ಹುಡುಕಿದರೆ ಷೇರು ಮಾರುಕಟ್ಟೆ!

ನ್ಯೂಸ್ ಚಾನಲ್ ಆಂಕರ್‌ಗೆ ಹಬ್ಬದಲ್ಲಿ ಎರಡು ದಿನ ರಜೆ ಸಿಗೋದೇ ಒಂದು ಬ್ರೇಕಿಂಗ್ ನ್ಯೂಸ್. ಕಳೆದ ದಸರಾದಲ್ಲಿ ಹೇಗೋ ಸಿಕ್ಕಿತು. ತಿಪಟೂರಿನ ಮನೆಗೆ ಹೋದೆ. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಒಂದೂವರೆ ತಿಂಗಳಾಗಿತ್ತು. ಇನ್ನು ಓದಬಹುದು ಅಂತ ಡಾಕ್ಟರು ಹೇಳಿದ್ದೇ ತಡ, ಅವರಿಗೆ ಕಾಲೇಜಿನ ದಿನಗಳ ತ್ರಿವೇಣಿ ಕಾದಂಬರಿಗಳು ನೆನಪಾಗಿದ್ದವು. "ನಿನ್ನ ಫೋನಲ್ಲಿ ಎಲ್ಲ ಸಿಗುತ್ತಂತಲ್ಲ, ತರಿಸ್ಕೊಡೋ" ಅಂದರು. ನಾನು ಎಂಜಿನಿಯರಿಂಗ್ ಓದಿದವನು, ಇದೇನು ಮಹಾ ಕೆಲಸ ಅಂತ ಒಂದು ಆನ್‌ಲೈನ್ ಅಂಗಡಿ ತೆರೆದು, ಫೋನನ್ನ ಅವರ ಕೈಗೇ ಕೊಟ್ಟೆ. ಹೊಸ ಕಣ್ಣು, ಅವರೇ ಟೈಪ್ ಮಾಡಲಿ ಅಂತ.

ಅಮ್ಮ ಒಂದೊಂದೇ ಅಕ್ಷರ ಒತ್ತಿ 'ತ್ರಿವೇಣಿ' ಅಂತ ಬರೆದರು. ಮೊದಲ ಸಾಲಲ್ಲಿ ಬಂದಿದ್ದೇನು ಗೊತ್ತಾ? ಷೇರು ಮಾರುಕಟ್ಟೆಯಲ್ಲಿ ಹಣ ಮಾಡುವ ಗುಟ್ಟು ಹೇಳೋ ಒಂದು ಪುಸ್ತಕ. ಪಕ್ಕದಲ್ಲಿ ಬೊಜ್ಜು ಕರಗಿಸೋ ಪುಸ್ತಕ. ಅದರ ಪಕ್ಕ ಮಕ್ಕಳು ಬಣ್ಣ ತುಂಬೋ ಪುಸ್ತಕ. ಅಮ್ಮ ಕನ್ನಡಕ ಸರಿಮಾಡಿಕೊಂಡು ಷೇರು ಪುಸ್ತಕದ ಮೇಲೆ ಬೆರಳಿಟ್ಟರು. ಪುಟ ತೆರೆಯಿತು. "ಇದೂ ತ್ರಿವೇಣಿಯವರೇ ಬರೆದಿದ್ದೇನೋ?" ಅಂತ ಕೇಳಿದರು.

ನನಗೆ ನಗು ಬಂತು. ಆಮೇಲೆ ನಗು ನಿಂತಿತು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುಂಚೆ ತೀರಿಕೊಂಡ ಲೇಖಕಿ ಅವರು. ಮನಸ್ಸಿನ ಕಾಯಿಲೆಯನ್ನ ಮನೆಯ ಗುಟ್ಟು ಅಂತ ಮುಚ್ಚಿಡುತ್ತಿದ್ದ ಕಾಲದಲ್ಲಿ ಅದನ್ನೇ ಕಾದಂಬರಿ ಮಾಡಿದವರು. ಅವರ ಹೆಸರಿಗೆ ಒಬ್ಬ ಓದುಗಿ ಬಂದು ಬಾಗಿಲು ತಟ್ಟಿದರೆ ಬಾಗಿಲಲ್ಲಿ ನಿಂತವನು ಬೇರೆ ಯಾರೋ! ಪುಸ್ತಕದ ಚಿತ್ರದ ಕೆಳಗೆ, ಆಪರೇಷನ್ ಆದ ಕಣ್ಣಿಗಂತೂ ಕಾಣದಷ್ಟು ತೆಳು ಬೂದು ಅಕ್ಷರದಲ್ಲಿ ಒಂದು ಪದ ಇತ್ತು. 'ಸ್ಪಾನ್ಸರ್ಡ್.' ಪ್ರಾಯೋಜಿತ. ಅಂದ್ರೆ, ಈ ಜಾಗಕ್ಕೆ ಯಾರೋ ಕಾಸು ಕೊಟ್ಟಿದ್ದಾರೆ. ಅಮ್ಮ ಬೆರಳಿಟ್ಟ ಆ ಕ್ಷಣದಲ್ಲೇ ಎಲ್ಲೋ ಒಬ್ಬ ಲೇಖಕನ ಖಾತೆಯಿಂದ ಒಂದಿಷ್ಟು ರೂಪಾಯಿ ಕಟ್ ಆಗಿತ್ತು.

ಇದೇನು ಸುದ್ದಿನಾ ಅಂತ ಕೇಳಬೇಡಿ ವೀಕ್ಷಕರೇ. ಇದು ಸುದ್ದಿಯಲ್ಲ, ಇತಿಹಾಸ. ಲೇಖಕನ ಹೆಸರು ಹೇಳಿದರೆ ಅವನ ಪುಸ್ತಕ ಸಿಗಬೇಕು ಅನ್ನೋದು ನಮಗೆ ಎಷ್ಟು ಸಹಜ ಅನ್ನಿಸುತ್ತೆ! ಆದರೆ ಅದನ್ನ ಯಾರೋ ಕಟ್ಟಬೇಕಾಯಿತು. ಸಾವಿರಾರು ವರ್ಷ ಹಿಡೀತು. ಕಟ್ಟಿದ್ದನ್ನ ಹರಾಜಿಗೆ ಇಡೋಕೆ ಹಿಡಿದದ್ದು ಮಾತ್ರ ಹತ್ತಿಪ್ಪತ್ತು ವರ್ಷ.

ಮೊದಲು ಕಟ್ಟಿದವರ ಕಥೆ ಹೇಳ್ತೀನಿ. ಕ್ರಿಸ್ತಪೂರ್ವ ಮೂರನೇ ಶತಮಾನ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಗ್ರಂಥಾಲಯ. ಅಲ್ಲಿ ಕ್ಯಾಲಿಮ್ಯಾಕಸ್ ಅನ್ನೋ ಕವಿ ಕೂತು ಗ್ರೀಕ್ ಲೇಖಕರ ಒಂದು ಪಟ್ಟಿ ಮಾಡಿದ. ಯಾರು, ಎಲ್ಲಿಯವರು, ಏನೇನು ಬರೆದರು. ಆ ಪಟ್ಟಿಯೇ 120 ಸುರುಳಿ ಆಯಿತು. ಇವತ್ತು ಅದರಲ್ಲಿ ಉಳಿದಿರೋದು ಚೂರುಪಾರು ಮಾತ್ರ. ಆದರೆ ಲೇಖಕನ ಹೆಸರೇ ಪುಸ್ತಕದ ವಿಳಾಸ ಅನ್ನೋ ಯೋಚನೆ ಉಳಿಯಿತು.

ನಮ್ಮಲ್ಲಿ? ನಮ್ಮಲ್ಲಿ ಕವಿ ತನ್ನ ವಿಳಾಸವನ್ನ ಪದ್ಯದ ಒಳಗೇ ಇಟ್ಟ. ಅಂಕಿತ! 'ಕೂಡಲಸಂಗಮದೇವ' ಅಂದ ಕೂಡಲೇ ಬಸವಣ್ಣ. 'ಚೆನ್ನಮಲ್ಲಿಕಾರ್ಜುನ' ಅಂದ್ರೆ ಅಕ್ಕ. 'ಪುರಂದರವಿಠಲ' ಅಂತ ಕೊನೆ ಸಾಲಲ್ಲಿ ಬಂದರೆ ಯಾರ ಕೀರ್ತನೆ ಅಂತ ಯಾರೂ ಕೇಳಬೇಕಿಲ್ಲ. ಪುಸ್ತಕ ಕಳೆದುಹೋದರೂ, ತಾಳೆಗರಿ ಗೆದ್ದಲು ತಿಂದರೂ, ಬಾಯಿಂದ ಬಾಯಿಗೆ ಹೋದರೂ ಹೆಸರು ಜೊತೆಗೇ ಹೋಗುತ್ತೆ. ಎಂಜಿನಿಯರ್ ಭಾಷೆಯಲ್ಲಿ ಹೇಳೋದಾದ್ರೆ, ದತ್ತಾಂಶದ ಒಳಗೇ ಕೀವರ್ಡ್ ಇಟ್ಟ ವ್ಯವಸ್ಥೆ. ಮೋಸ ಇರಲಿಲ್ಲ ಅಂತಲ್ಲ. ಬಸವಣ್ಣನವರ ಅಂಕಿತ ಹಾಕಿ ಬೇರೆ ಯಾರೋ ಬರೆದ ವಚನಗಳೂ ಸೇರಿಕೊಂಡವು. ಅದಕ್ಕೆ 'ಪ್ರಕ್ಷಿಪ್ತ' ಅಂತ ಹೆಸರಿಟ್ಟು, ಹೆಕ್ಕಿ ಹೊರಗೆ ತೆಗೆಯೋಕೆ ವಿದ್ವಾಂಸರು ಜೀವಮಾನ ಸವೆಸಿದರು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಸಿದ್ದು, ಮುಂದೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟ 15 ಸಂಪುಟಗಳಲ್ಲಿ ಬಂದಿದ್ದು, ಇದೆಲ್ಲ ಒಂದು ಅರ್ಥದಲ್ಲಿ ಇದೇ ಪ್ರಶ್ನೆ. ಈ ಹೆಸರಿನ ಕೆಳಗೆ ಇರೋದು ಈ ವ್ಯಕ್ತಿಯದ್ದೇನಾ?

1907ರಲ್ಲಿ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ ಬಂತು. ಮೂರನೆಯದು ಬಂದಾಗ 1929. ಇಪ್ಪತ್ತೆರಡು ವರ್ಷ! ಶಾಸನ, ಓಲೆಗರಿ, ಕಾಗದದ ಪ್ರತಿ, ಎಲ್ಲ ಜಾಲಾಡಿ ಕನ್ನಡ ಕವಿಗಳನ್ನ ಒಬ್ಬೊಬ್ಬರಾಗಿ ನಿಲ್ಲಿಸಿ ಇವನ ಕಾಲ ಇದು, ಇವನ ಕೃತಿ ಇಷ್ಟು ಅಂತ ಬರೆದಿಟ್ಟರು. ಆಗ ಕಂಪ್ಯೂಟರ್ ಬಿಡಿ, ಸರಿಯಾದ ಫ್ಯಾನ್ ಇರಲಿಲ್ಲ. ನಾನು ಇಪ್ಪತ್ತೆರಡು ನಿಮಿಷದ ಒಂದು ಬುಲೆಟಿನ್‌ಗೆ ಸುಸ್ತಾಗಿ ಕಾಫಿ ಕೇಳ್ತೀನಿ.

ಪಶ್ಚಿಮದಲ್ಲಿ ಇದಕ್ಕೆ ನಿಯಮ ಬರೆದವನು ಆಂಟೋನಿಯೋ ಪಾನಿಜ್ಜಿ. ಇಟಲಿಯಿಂದ ತಲೆತಪ್ಪಿಸಿಕೊಂಡು ಬಂದ ರಾಜಕೀಯ ನಿರಾಶ್ರಿತ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಪುಸ್ತಕಗಳ ಮುಖ್ಯಸ್ಥನಾದ. 1841ರಲ್ಲಿ ಪುಸ್ತಕದ ಪಟ್ಟಿ ಹೇಗಿರಬೇಕು ಅಂತ 91 ನಿಯಮ ಪ್ರಕಟವಾದವು. ಒಬ್ಬನೇ ಲೇಖಕ ಮೂರು ಹೆಸರಲ್ಲಿ ಬರೆದರೆ ಏನು ಮಾಡೋದು, ಹೆಸರೇ ಹಾಕದೆ ಬರೆದರೆ ಏನು ಮಾಡೋದು, ಎಲ್ಲಕ್ಕೂ ನಿಯಮ. ಇವೆಲ್ಲ ಅತಿಯಾಯಿತು ಅಂತ ದೊಡ್ಡವರು ಗೊಣಗಿದರು, ವಿಚಾರಣಾ ಆಯೋಗವೇ ಕೂತಿತು. ಆದರೆ ಈ ಮನುಷ್ಯ 1836ರಲ್ಲೇ ಸಂಸತ್ತಿನ ಸಮಿತಿಯ ಮುಂದೆ ಒಂದು ಮಾತು ಹೇಳಿದ್ದ. ಪುಸ್ತಕದ ವಿಷಯದಲ್ಲಿ ಬಡ ವಿದ್ಯಾರ್ಥಿಗೆ ಇರೋ ಅನುಕೂಲ ದೇಶದ ಅತಿ ದೊಡ್ಡ ಶ್ರೀಮಂತನಿಗೆ ಇರೋ ಅನುಕೂಲಕ್ಕೆ ಸಮ ಇರಬೇಕು ಅನ್ನೋ ಅರ್ಥದ ಮಾತು. ಕ್ಯಾಟಲಾಗ್ ಅನ್ನೋ ಒಣ ವಸ್ತುವಿನ ಹಿಂದೆ ಇದ್ದ ರಾಜಕೀಯ ಅದು. 1876ರಲ್ಲಿ ಅಮೆರಿಕದ ಚಾರ್ಲ್ಸ್ ಕಟರ್ ಅದನ್ನ ಇನ್ನೂ ನೇರ ಮಾಡಿದ. ಲೇಖಕನ ಹೆಸರು ಗೊತ್ತಿದ್ದವನಿಗೆ ಪುಸ್ತಕ ಸಿಗಬೇಕು. ಆ ಲೇಖಕನ ಯಾವ ಯಾವ ಪುಸ್ತಕ ನಮ್ಮಲ್ಲಿದೆ ಅಂತ ಕಾಣಬೇಕು. ಕ್ಯಾಟಲಾಗ್ ಇರೋದೇ ಅದಕ್ಕೆ.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗೋಕಾಗಲ್ಲ. ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರು. ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಮಾಡಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನ ಪುಸ್ತಕವಾಗಿ ಕೊಟ್ಟರು. ಅದರ ನಾಲ್ಕನೇ ಸೂತ್ರ, ಓದುಗನ ಸಮಯ ಉಳಿಸು ಅನ್ನೋದು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಅನ್ನೋ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇದೇ ಊರಲ್ಲಿ ತೀರಿಕೊಂಡರು. ನಾನು ನಾಲ್ಕು ವರ್ಷ ಕಂಪ್ಯೂಟರ್ ಸೈನ್ಸ್ ಓದಿದೆ. ಸರ್ಚಿಂಗ್, ಸಾರ್ಟಿಂಗ್, ಇಂಡೆಕ್ಸಿಂಗ್ ಎಲ್ಲ ಓದಿದೆ. ಒಂದೇ ಒಂದು ಸಲ ರಂಗನಾಥನ್ ಹೆಸರನ್ನ ಯಾರೂ ಹೇಳಲಿಲ್ಲ. ಅವರಿದ್ದ ಊರಲ್ಲೇ ಓದಿದ್ದು ನಾನು!

ಇಲ್ಲಿಯವರೆಗೆ ಕಟ್ಟಿದ್ದಾಯಿತು. ಈಗ ಹರಾಜು.

1996ರಲ್ಲಿ ಓಪನ್ ಟೆಕ್ಸ್ಟ್ ಅನ್ನೋ ಸರ್ಚ್ ಎಂಜಿನ್ ಕಾಸು ಕೊಟ್ಟವರನ್ನ ಫಲಿತಾಂಶದಲ್ಲಿ ಮೇಲಕ್ಕೆ ತರ್ತೀವಿ ಅಂತ ಹೊರಟಿತು. ಬಳಸೋರು ಉಗಿದರು, ಬಿಟ್ಟಿತು. ಎರಡು ವರ್ಷ ಕಳೀತು. 1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಅನ್ನೋ ಉದ್ಯಮಿ 'ಗೋಟೂ' ಅನ್ನೋ ಸರ್ಚ್ ಎಂಜಿನ್ ಶುರು ಮಾಡಿದ. ಅದರಲ್ಲಿ ಪ್ರತಿ ಪದವೂ ಹರಾಜಿಗಿತ್ತು. ಯಾರು ಹೆಚ್ಚು ಕೂಗ್ತಾರೋ ಅವರು ಮೇಲೆ. ಕ್ಲಿಕ್ ಆದರೆ ಮಾತ್ರ ದುಡ್ಡು. ಕೇಳೋಕೆ ಭಯಂಕರ ಅನ್ಸುತ್ತೆ ಅಲ್ವಾ? ಆದರೆ ಸ್ವಲ್ಪ ತಾಳಿ. ಗೋಟೂದಲ್ಲಿ ಪ್ರತಿ ಫಲಿತಾಂಶದ ಪಕ್ಕ, ಈ ಜಾಗಕ್ಕೆ ಇವರು ಎಷ್ಟು ಸೆಂಟ್ ಕೊಡ್ತಿದ್ದಾರೆ ಅಂತ ಬರೆದಿರುತ್ತಿತ್ತು! ಎಲ್ಲರಿಗೂ ಕಾಣೋ ಹಾಗೆ. ನನ್ನ ಕೇಳಿದರೆ ಆಮೇಲೆ ಬಂದ ಎಲ್ಲರಿಗಿಂತ ಪ್ರಾಮಾಣಿಕ ಅಂಗಡಿ ಅದು. ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಹರಾಜು ಕೂಗಿದ ಹಾಗೆ, ರೇಟು ಬಹಿರಂಗ. ಇವತ್ತು ರೇಟು ಯಾರಿಗೂ ಕಾಣಲ್ಲ, ಬೂದು ಅಕ್ಷರ ಮಾತ್ರ.

ಅದೇ 1998ರಲ್ಲಿ ಇಬ್ಬರು ವಿದ್ಯಾರ್ಥಿಗಳು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದ ಸಮ್ಮೇಳನಕ್ಕೆ ಒಂದು ಪ್ರಬಂಧ ಕೊಟ್ಟರು. ಅದರ ಅನುಬಂಧದಲ್ಲಿ ಒಂದು ಎಚ್ಚರಿಕೆ ಇತ್ತು. ಜಾಹೀರಾತಿನ ದುಡ್ಡಲ್ಲಿ ನಡೆಯೋ ಸರ್ಚ್ ಎಂಜಿನ್ ತನ್ನಿಂದ ತಾನೇ ಜಾಹೀರಾತುದಾರರ ಕಡೆಗೆ ವಾಲುತ್ತೆ, ಬಳಕೆದಾರರ ಅಗತ್ಯದಿಂದ ದೂರ ಹೋಗುತ್ತೆ ಅಂತ. ಆ ಹುಡುಗರ ಹೆಸರು ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್. ಗೂಗಲ್ ಕಟ್ಟಿದವರು! 2000ದ ಅಕ್ಟೋಬರ್‌ನಲ್ಲಿ ಗೂಗಲ್ ಆ್ಯಡ್‌ವರ್ಡ್ಸ್ ಶುರುವಾಯಿತು. 2002ರಲ್ಲಿ ಕ್ಲಿಕ್‌ಗೆ ಇಷ್ಟು ಅನ್ನೋ ಹರಾಜೂ ಬಂತು. ಓವರ್‌ಚರ್ ಅಂತ ಹೆಸರು ಬದಲಿಸಿಕೊಂಡಿದ್ದ ಗೋಟೂ ಕೋರ್ಟಿಗೆ ಹೋಯಿತು. 2003ರಲ್ಲಿ ಅದನ್ನ ಯಾಹೂ ಕೊಂಡಿತು. 2004ರಲ್ಲಿ ಗೂಗಲ್ ತನ್ನ 27 ಲಕ್ಷ ಷೇರು ಕೊಟ್ಟು ರಾಜಿ ಮಾಡಿಕೊಂಡಿತು. ಐಡಿಯಾದ ಬೆಲೆ ಎಷ್ಟಿತ್ತು ನೋಡಿ.

ಪುಸ್ತಕದ ಅಂಗಡಿಗೆ ಬರೋಣ. ಅಮೆರಿಕದ ದೊಡ್ಡ ಪುಸ್ತಕ ಮಳಿಗೆಗಳಲ್ಲಿ ಬಾಗಿಲ ಎದುರಿನ ಟೇಬಲ್ ಮೇಲೆ ಯಾವ ಪುಸ್ತಕ ಇಡಬೇಕು ಅನ್ನೋದಕ್ಕೆ ಪ್ರಕಾಶಕರು ಕಾಸು ಕೊಡೋದು ಹಳೇ ಪದ್ಧತಿ. ಓದುಗರಿಗೆ ಇದು ಗೊತ್ತಿರಲಿಲ್ಲ. 1999ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಹಾಕಿತು. ಅಮೆಜಾನ್ ತನ್ನ ಪುಟದಲ್ಲಿ ಮೆಚ್ಚಿ ತೋರಿಸ್ತಿದ್ದ ಕೆಲವು ಪುಸ್ತಕಗಳಿಗೆ ಪ್ರಕಾಶಕರಿಂದ ಹಣ ಪಡೀತಿದೆ, ಒಂದು ಪ್ಯಾಕೇಜ್‌ಗೆ 10,000 ಡಾಲರ್‌ವರೆಗೂ ಇದೆ ಅಂತ. ಗಲಾಟೆ ಆಯಿತು. ಒಂದೆರಡು ದಿನದೊಳಗೆ ಅಮೆಜಾನ್ ಬಗ್ಗಿತು. ಇನ್ನು ಮುಂದೆ ಕಾಸು ಪಡೆದು ಹಾಕಿದ್ದನ್ನ ಹಾಗಂತ ಹೇಳ್ತೀವಿ, ನಾವು ಶಿಫಾರಸು ಮಾಡಿದ ಪುಸ್ತಕ ಹಿಡಿಸದಿದ್ದರೆ ದುಡ್ಡು ವಾಪಸ್ ಅಂತಲೂ ಹೇಳಿತು. ಆಗ ಅಮೆಜಾನ್‌ಗೆ ನಾಲ್ಕೈದು ವರ್ಷ ವಯಸ್ಸು. ಗಿರಾಕಿಯ ಸಿಟ್ಟಿಗೆ ಇನ್ನೂ ಬೆಲೆ ಇತ್ತು.

2007ರಲ್ಲಿ ನಮ್ಮ ಬೆಂಗಳೂರಿನಲ್ಲಿ ಇಬ್ಬರು ಬನ್ಸಲ್‌ಗಳು ಫ್ಲಿಪ್‌ಕಾರ್ಟ್ ಶುರು ಮಾಡಿದ್ದೂ ಪುಸ್ತಕದಿಂದಲೇ. ಮೊದಮೊದಲು ಜಾಹೀರಾತಿಗೆ ಕಾಸಿಲ್ಲದೆ ಪುಸ್ತಕದ ಅಂಗಡಿ ಮುಂದೆ ನಿಂತು, ಹೊರಗೆ ಬರೋ ಗಿರಾಕಿಗಳ ಕೈಗೆ ಬುಕ್‌ಮಾರ್ಕ್ ಕೊಡ್ತಿದ್ದರು ಅನ್ನೋದು ಸ್ಟಾರ್ಟ್‌ಅಪ್ ಜಗತ್ತಿನ ಪ್ರಸಿದ್ಧ ಕಥೆ. ಯೋಚನೆ ಮಾಡಿ. ಇನ್ನೊಬ್ಬನ ಬಾಗಿಲಿಗೆ ಬಂದ ಗಿರಾಕಿಯನ್ನ ಬಾಗಿಲಲ್ಲೇ ನಿಂತು ಕರೆಯೋದು. ಕೈಯಲ್ಲಿ ಬುಕ್‌ಮಾರ್ಕ್ ಹಿಡಿದು ಮಾಡಿದರೆ ಹುಡುಗರ ಹುರುಪು, ನಮಗೂ ಇಷ್ಟವಾಗುತ್ತೆ. ಮುಂದೆ ಅದೇ ಕೆಲಸವನ್ನ ಯಂತ್ರ ಮಾಡೋಕೆ ಶುರು ಮಾಡಿತು, ಸೆಕೆಂಡಿಗೆ ಲಕ್ಷಾಂತರ ಸಲ.

2012ರಲ್ಲಿ ಅಮೆಜಾನ್ 'ಸ್ಪಾನ್ಸರ್ಡ್ ಪ್ರಾಡಕ್ಟ್ಸ್' ಅನ್ನೋದನ್ನ ತಂದಿತು. ಅಂಗಡಿಯ ಸ್ವಂತ ಹುಡುಕಾಟದ ಒಳಗೇ ಹರಾಜು. ಆ ದಶಕದ ಮಧ್ಯದಲ್ಲಿ, ತಾವೇ ಪುಸ್ತಕ ಪ್ರಕಟಿಸಿಕೊಳ್ಳೋ ಲೇಖಕರಿಗೂ ಈ ಬಾಗಿಲು ತೆರೆಯಿತು. ಇದು ಹೇಗೆ ಕೆಲಸ ಮಾಡುತ್ತೆ ಅಂತ ನಾನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ನೀವು ಒಂದು ಪುಸ್ತಕ ಬರೆದಿದ್ದೀರಿ ಅಂದ್ಕೊಳ್ಳಿ. ಬೆಲೆ 250 ರೂಪಾಯಿ. ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ, ಯಾರೂ ಹುಡುಕಲ್ಲ. ಹಾಗಾದರೆ ಯಾರ ಹೆಸರನ್ನ ಹುಡುಕ್ತಾರೆ? ದೊಡ್ಡ ಲೇಖಕರ ಹೆಸರನ್ನ. ಆ ಹೆಸರನ್ನೇ ಕೀವರ್ಡ್ ಮಾಡಿ, ಒಂದು ಕ್ಲಿಕ್‌ಗೆ 6 ರೂಪಾಯಿ ಕೊಡ್ತೀನಿ ಅಂತ ಹೇಳ್ತೀರಿ. ಇನ್ನೊಬ್ಬ 5 ರೂಪಾಯಿ ಅಂತಾನೆ. ಮೂರನೆಯವನು 3. ಓದುಗ ಆ ಹೆಸರು ಟೈಪ್ ಮಾಡಿ ಬೆರಳೆತ್ತೋದರೊಳಗೆ ಹರಾಜು ಮುಗಿದಿರುತ್ತೆ. ಈ ಬಗೆಯ ಹರಾಜಿನಲ್ಲಿ ಸಾಮಾನ್ಯವಾಗಿ ಗೆದ್ದವನು ತಾನು ಕೂಗಿದಷ್ಟು ಕೊಡಬೇಕಿಲ್ಲ. ಎರಡನೆಯವನನ್ನ ಮೀರಿಸೋಕೆ ಎಷ್ಟು ಬೇಕೋ ಅಷ್ಟು ಕೊಟ್ಟರೆ ಸಾಕು. ಇದರ ಗಣಿತದ ಬೇರು ವಿಲಿಯಂ ವಿಕ್ರಿ 1961ರಲ್ಲಿ ಬರೆದ ಪ್ರಬಂಧದಲ್ಲಿದೆ, 1996ರಲ್ಲಿ ಆತನಿಗೆ ನೊಬೆಲ್ ಬಂತು. ಸೊಗಸಾದ ಗಣಿತ. ನನಗೆ ಇವತ್ತಿಗೂ ಇಷ್ಟ.

ಆದರೆ ಈ ಗಣಿತದಲ್ಲಿ ಒಬ್ಬರು ಲೆಕ್ಕಕ್ಕೇ ಬರಲ್ಲ. ಯಾರ ಹೆಸರು ಹರಾಜಾಗ್ತಿದೆಯೋ ಅವರು! ತ್ರಿವೇಣಿ ಕೂಗೋಕೆ ಬರಲ್ಲ. ಅವರಿಗೆ ಅದರಲ್ಲಿ ಪಾಲೂ ಇಲ್ಲ. ಬದುಕಿರೋ ಲೇಖಕರಾದರೆ ಇನ್ನೂ ವಿಚಿತ್ರ. ತಮ್ಮ ಹೆಸರನ್ನ ಹುಡುಕಿದಾಗ ತಮ್ಮ ಪುಸ್ತಕವೇ ಮೊದಲು ಬರಲಿ ಅಂತ ತಾವೇ ಕಾಸು ಕಟ್ಟಿ ಕೂಗಬೇಕು. ನಿಮ್ಮ ಮನೆ ಬಾಗಿಲಲ್ಲಿ ನೀವೇ ನಿಲ್ಲೋಕೆ ನೀವೇ ಬಾಡಿಗೆ ಕಟ್ಟಿದ ಹಾಗೆ.

ಸರಿ, ಅಷ್ಟಾದರೂ ಇನ್ನೊಂದು ಕಾದಂಬರಿ ಬರಬೇಕಿತ್ತಲ್ಲ, ಷೇರು ಮಾರುಕಟ್ಟೆ ಯಾಕೆ ಬಂತು? ಇಲ್ಲೊಂದು ತಾಂತ್ರಿಕ ಗುಟ್ಟಿದೆ. ಇಂತಿಂಥ ಹೆಸರೇ ಬೇಕು ಅಂತ ಜಾಹೀರಾತುದಾರ ಹೇಳಬೇಕಿಲ್ಲ. 'ನೀವೇ ನೋಡಿಕೊಂಡು ಹಾಕಿ' ಅಂತ ಯಂತ್ರಕ್ಕೆ ಬಿಡಬಹುದು. ಅಥವಾ ಪದವನ್ನ ಅಗಲವಾಗಿ ಹೊಂದಿಸೋಕೆ ಹೇಳಬಹುದು. ಯಂತ್ರ ಲೆಕ್ಕ ಹಾಕುತ್ತೆ: ಎಷ್ಟು ಕೂಗಿದ್ದಾನೆ, ಎಷ್ಟು ಜನ ಒತ್ತಬಹುದು. ತ್ರಿವೇಣಿ ಅನ್ನೋ ಹೆಸರಿಗೆ ಬೇರೆ ಯಾರೂ ಕೂಗದಿದ್ದರೆ, ಷೇರು ಪುಸ್ತಕದವನ ಒಂದೆರಡು ರೂಪಾಯಿಗೇ ಜಾಗ ಹೋಗುತ್ತೆ. ಖಾಲಿ ಸೈಟಿಗೆ ಬೇಲಿ ಹಾಕಿದವನೇ ಯಜಮಾನ! ಸಣ್ಣ ಭಾಷೆಯ ಹೆಸರುಗಳು ಅಗ್ಗ. ಜೊತೆಗೆ ನಮ್ಮ ಹೆಸರುಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಹತ್ತು ವಿಧ ಬೇರೆ. 'ಪೂರ್ಣಚಂದ್ರ'ಕ್ಕೆ ಒಬ್ಬರು ಎರಡು 'ಓ' ಹಾಕ್ತಾರೆ, ಇನ್ನೊಬ್ಬರು 'ಯು' ಹಾಕ್ತಾರೆ. ಪಾನಿಜ್ಜಿ 1841ರಲ್ಲಿ ತಲೆ ಕೆಡಿಸಿಕೊಂಡಿದ್ದ ಸಮಸ್ಯೆ ಇದೇ. ಅವನು ಅದಕ್ಕೆ ನಿಯಮ ಬರೆದ. ನಾವು ಅದನ್ನ ಜಾಹೀರಾತಿಗೆ ಬಿಟ್ಟಿದ್ದೀವಿ. ಕನ್ನಡದ ವಿಷಯದಲ್ಲಿ ಅಂಗಡಿಗಳು ಎಷ್ಟು ಆಸಕ್ತಿ ತೋರಿಸಿದವು ಅನ್ನೋದಕ್ಕೆ ಇನ್ನೊಂದು ಉದಾಹರಣೆ ಹೇಳಿಬಿಡ್ತೀನಿ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನ ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ.

ಇದರಲ್ಲಿ ದುಡ್ಡೆಷ್ಟಿದೆ? 2021ರಲ್ಲಿ ಜಾಹೀರಾತಿನಿಂದ ಅಮೆಜಾನ್‌ಗೆ ಬಂದಿದ್ದು ಸುಮಾರು 3,120 ಕೋಟಿ ಡಾಲರ್. 2024ರಲ್ಲಿ ಸುಮಾರು 5,620 ಕೋಟಿ ಡಾಲರ್. ರೂಪಾಯಿ ಅಲ್ಲ, ಡಾಲರ್! 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹದಿನೇಳು ರಾಜ್ಯಗಳ ಜೊತೆ ಸೇರಿ ಅಮೆಜಾನ್ ಮೇಲೆ ಮೊಕದ್ದಮೆ ಹೂಡಿತು. ಅದರಲ್ಲಿ ಒಂದು ಆರೋಪ ಇದು: ಸಂಬಂಧವೇ ಇಲ್ಲದ ಜಾಹೀರಾತುಗಳಿಗೆ ಕಂಪನಿಯೊಳಗೆ 'ದೋಷ' ಅಂತಲೇ ಹೆಸರಿತ್ತು, ಹಾಗಿದ್ದೂ ಅವನ್ನ ಹೆಚ್ಚು ಹೆಚ್ಚು ಒಪ್ಪಿಕೊಳ್ಳಿ ಅಂತ ಜೆಫ್ ಬೆಜೋಸ್ ಸೂಚಿಸಿದ್ದರು ಅಂತ. ನೀರಿನ ಬಾಟಲಿ ಹುಡುಕಿದವರಿಗೆ ಬೇಟೆಗಾರರು ಬಳಸೋ ಜಿಂಕೆಯ ಮೂತ್ರದ ಬಾಟಲಿ ತೋರಿಸಿದ ಉದಾಹರಣೆಯೂ ಆ ದೂರಿನಲ್ಲಿದೆ. ಅಮೆಜಾನ್ ಆರೋಪಗಳನ್ನ ಅಲ್ಲಗಳೆದಿದೆ. ಕೋರ್ಟು ಏನನ್ನುತ್ತೋ ಅನ್ನಲಿ. ಎಂಜಿನಿಯರ್ ಆಗಿ ನನ್ನನ್ನ ಕಾಡಿದ್ದು ಆ 'ದೋಷ' ಅನ್ನೋ ಪದ. ಆರೋಪ ನಿಜವಾದರೆ, ಇದು ತಪ್ಪು ಅಂತ ಗೊತ್ತಿಲ್ಲದೆ ಆದದ್ದಲ್ಲ. ಅಳೆದು, ಎಣಿಸಿ, ಹೆಚ್ಚಿಸಿದ ತಪ್ಪು.

ಕಾನೂನು ಏನು ಮಾಡ್ತಿದೆ ಅಂತೀರಾ? ಬೇಗ ಹೇಳಿಬಿಡ್ತೀನಿ, ದೊಡ್ಡದೇನಿಲ್ಲ. ಕಾಸು ಪಡೆದ ಫಲಿತಾಂಶ ಬೇರೆಯಾಗಿ ಎದ್ದು ಕಾಣಬೇಕು ಅಂತ ಅದೇ ಟ್ರೇಡ್ ಕಮಿಷನ್ 2002ರಲ್ಲಿ ಸರ್ಚ್ ಎಂಜಿನ್‌ಗಳಿಗೆ ಪತ್ರ ಬರೆಯಿತು. 2013ರಲ್ಲಿ ಮತ್ತೆ ಬರೆಯಿತು, ವ್ಯತ್ಯಾಸ ಕಾಣದ ಹಾಗಾಗ್ತಿದೆ ಅಂತ. ನಮ್ಮಲ್ಲಿ 2020ರ ಇ-ಕಾಮರ್ಸ್ ನಿಯಮಗಳಿವೆ, ಸರಕುಗಳನ್ನ ಯಾವ ಆಧಾರದ ಮೇಲೆ ಮೇಲೆ ಕೆಳಗೆ ಜೋಡಿಸ್ತೀರಿ ಅಂತ ತಿಳಿಸಬೇಕು ಅನ್ನುತ್ತೆ. 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ 13 ಬಗೆಯ ಮೋಸಗಳನ್ನ ಪಟ್ಟಿ ಮಾಡಿದೆ, ವೇಷ ಮರೆಸಿದ ಜಾಹೀರಾತು ಅದರಲ್ಲೊಂದು. ಆದರೆ ಬೂದು ಅಕ್ಷರದಲ್ಲಿ 'ಸ್ಪಾನ್ಸರ್ಡ್' ಅಂತ ಇದೆಯಲ್ಲ! ವೇಷ ಅಲ್ಲ ಅಂತಾರೆ.

ಇನ್ನು ಹೆಸರಿನ ಹಕ್ಕು. ಕಂಪನಿಗಳಿಗೆ ಟ್ರೇಡ್‌ಮಾರ್ಕ್ ಇರುತ್ತೆ, ಅವರು ಕೋರ್ಟಿಗೆ ಹೋಗ್ತಾರೆ. ದೆಹಲಿ ಹೈಕೋರ್ಟ್‌ನಲ್ಲಿ ಕೀವರ್ಡ್ ಜಗಳಗಳು ವರ್ಷಗಟ್ಟಲೆ ನಡೆದಿವೆ. ಲೇಖಕರ ಹೆಸರು ಟ್ರೇಡ್‌ಮಾರ್ಕಾ? 2023ರ ಆಗಸ್ಟ್‌ನಲ್ಲಿ ಅಮೆರಿಕದ ಜೇನ್ ಫ್ರೀಡ್‌ಮನ್ ಅನ್ನೋ ಲೇಖಕಿ, ತಾವು ಬರೆದೇ ಇಲ್ಲದ ಪುಸ್ತಕಗಳು ತಮ್ಮ ಹೆಸರಲ್ಲಿ ಅಮೆಜಾನ್‌ನಲ್ಲಿ ಮಾರಾಟಕ್ಕಿರೋದನ್ನ ಕಂಡರು. ಯಂತ್ರದಿಂದ ಬರೆಸಿದ್ದು ಅಂತ ಅವರ ಅನುಮಾನ. ದೂರು ಕೊಟ್ಟರೆ ಬಂದ ಪ್ರಶ್ನೆ, ನಿಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ನೋಂದಣಿ ಇದೆಯಾ? ಇರಲಿಲ್ಲ. ವಿಷಯ ಊರೆಲ್ಲ ಸುದ್ದಿಯಾದ ಮೇಲೆ ಪುಸ್ತಕಗಳು ಮಾಯವಾದವು. ಸುದ್ದಿಯಾಗದ ಲೇಖಕರ ಗತಿ?

ಇಲ್ಲಿಗೆ ನಿಲ್ಲಿಸಿದ್ದರೆ ಸ್ಟುಡಿಯೋದಲ್ಲಿ ಚೆನ್ನಾಗಿತ್ತು. ಟೇಬಲ್ ಗುದ್ದಿ, ಕ್ಯಾಮೆರಾ ನೋಡಿ, ಬ್ರೇಕ್ ತಗೋಬಹುದಿತ್ತು. ಆದರೆ ಪುಸ್ತಕದಲ್ಲಿ ಸುಳ್ಳು ಹೇಳೋಕಾಗಲ್ಲ.

ಈ ಮಾಲಿಕೆಯ ಮೊದಲ ಸಂಪುಟ ಬಂದಾಗ, ಪ್ರಕಾಶಕರ ಕಡೆಯಿಂದ ಮಾರ್ಕೆಟಿಂಗ್ ನೋಡೋ ಹುಡುಗ ನನಗೆ ಒಂದು ಎಕ್ಸೆಲ್ ಶೀಟ್ ಕಳಿಸಿದ್ದ. 'ಸರ್, ಕೀವರ್ಡ್ಸ್. ಓಕೆ ಅಂದ್ರೆ ಹಾಕ್ತೀನಿ' ಅಂತ. ತೆರೆದು ನೋಡಿದೆ. ಒಂದು ಕಾಲಮ್ಮಿನಲ್ಲಿ ಹೆಸರುಗಳು. ಕುವೆಂಪು. ಕಾರಂತ. ತೇಜಸ್ವಿ. ಭೈರಪ್ಪ. ಪಕ್ಕದ ಕಾಲಮ್ಮಿನಲ್ಲಿ ರೂಪಾಯಿ. ನಾಲ್ಕು, ಎರಡೂವರೆ, ಐದು. ರಾತ್ರಿ ಬುಲೆಟಿನ್‌ಗೆ ಹತ್ತು ನಿಮಿಷ ಇತ್ತು, ಮೇಕಪ್ ರೂಮಿನಲ್ಲಿದ್ದೆ. ಓಕೆ ಅಂತ ಕಳಿಸಿದೆ. ಎರಡು ವಾರ ಬಿಟ್ಟು ಒಬ್ಬ ವೀಕ್ಷಕರು ಸ್ಕ್ರೀನ್‌ಶಾಟ್ ಸಮೇತ ಮೆಸೇಜ್ ಹಾಕಿದರು. "ಸರ್, ತೇಜಸ್ವಿ ಅಂತ ಹುಡುಕಿದ್ರೆ ಮೊದಲು ನೀವೇ ಬರ್ತೀರಿ! ಎಷ್ಟು ಬೆಳೆದುಬಿಟ್ರಿ ಸರ್, ಅಭಿನಂದನೆಗಳು." ಅವರು ವ್ಯಂಗ್ಯ ಮಾಡಿರಲಿಲ್ಲ. ನಿಜವಾಗಿ ಖುಷಿಪಟ್ಟಿದ್ದರು. ನಾನು ಕೈಮುಗಿಯೋ ಇಮೋಜಿ ಹಾಕಿ ಸುಮ್ಮನಾದೆ.

ನಮ್ಮ ಟಿವಿ ಉದ್ಯಮವೂ ಏನು ಕಮ್ಮಿಯಿಲ್ಲ ಬಿಡಿ. ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದ ಕೂಡಲೇ ನೀವು ಒತ್ತದೇ ಇದ್ದರೂ ಒಂದು ಚಾನಲ್ ಬರುತ್ತಲ್ಲ? ಅದಕ್ಕೆ ಲ್ಯಾಂಡಿಂಗ್ ಪೇಜ್ ಅಂತಾರೆ. ಆ ಜಾಗಕ್ಕೆ ಚಾನಲ್‌ಗಳು ಕೇಬಲ್ ಕಂಪನಿಗಳಿಗೆ ದುಡ್ಡು ಕೊಡ್ತವೆ. 2017ರಲ್ಲಿ ಟ್ರಾಯ್ ಇದನ್ನ ತಡೆಯೋಕೆ ಹೋಯಿತು, ವಿಷಯ ನ್ಯಾಯಮಂಡಳಿ ಮೆಟ್ಟಿಲು ಹತ್ತಿತು. ಹಾಗಾಗಿ ಅಮ್ಮನ ಫೋನಿನಲ್ಲಿ ಷೇರು ಪುಸ್ತಕ ಕಂಡಾಗ ನಾನು ಬೈಯಬೇಕಾದ್ದು ಯಾರನ್ನ ಅಂತ ನನಗೇ ಸ್ಪಷ್ಟ ಇರಲಿಲ್ಲ. ಆ ಪುಸ್ತಕ ಬರೆದವನೂ ಬಹುಶಃ ನನ್ನ ಹಾಗೇ ಒಬ್ಬ. ಅವನ ಮುಂದೆಯೂ ಒಂದು ಎಕ್ಸೆಲ್ ಶೀಟ್ ಇದ್ದಿರಬೇಕು. ಒಂದು ಕಾಲದಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನ ತಾವೇ ಹೊತ್ತು ಊರೂರು ತಿರುಗಿ ಮಾರಿದರು ಅಂತ ನಾವು ಭಾಷಣ ಮಾಡ್ತೀವಿ. ಅವರು ಹೊತ್ತಿದ್ದು ತಮ್ಮ ಹೆಸರಿನ ಗಂಟನ್ನ.

ಅವತ್ತೇ ತಿಪಟೂರಿನಿಂದ ಆ ಹುಡುಗನಿಗೆ ಫೋನ್ ಮಾಡಿ ಹೆಸರುಗಳ ಕಾಲಮ್ ಪೂರ್ತಿ ತೆಗೆಯೋಕೆ ಹೇಳಿದೆ. "ಸರ್, ಸೇಲ್ಸ್ ಬೀಳುತ್ತೆ" ಅಂದ. ಬಿತ್ತು. ಮುಂದಿನ ಲೆಕ್ಕದಲ್ಲಿ ಸರಿಯಾಗೇ ಬಿತ್ತು. ಈ ಸಂಪುಟಕ್ಕೆ 'ನ್ಯೂಸ್', 'ಇತಿಹಾಸ', 'ಅಂಕಣ' ಅಂತ ಹಾಕಿದ್ದಾರೆ, ಎಷ್ಟು ಜನಕ್ಕೆ ಕಾಣುತ್ತೋ ನೋಡಬೇಕು.

ಅಮ್ಮನ ತ್ರಿವೇಣಿ ಮಾತ್ರ ಫೋನಿನಲ್ಲಿ ಸರಿಯಾಗಿ ಸಿಗಲಿಲ್ಲ. ಕೆಳಗೆ ಇಳಿದು ಇಳಿದು ನೋಡಿದರೆ ಒಂದೆರಡು ಇತ್ತು, ಸ್ಟಾಕ್ ಇಲ್ಲ ಅಂತ ತೋರಿಸಿತು. ಸಂಜೆ ಪೇಟೆಗೆ ಹೋದೆ. ನಾನು ಶಾಲೆಗೆ ಹೋಗುವಾಗ ನೋಟ್‌ಬುಕ್ ಕೊಳ್ಳುತ್ತಿದ್ದ ಅಂಗಡಿ ಇನ್ನೂ ಇದೆ, ಹಿಂದಿನ ಗೋಡೆಗೆ ಒಂದಿಷ್ಟು ಕಾದಂಬರಿ ಇಟ್ಟಿರ್ತಾರೆ. "ಯಜಮಾನ್ರೇ, ತ್ರಿವೇಣಿ ಇದ್ಯಾ?" ಅಂದೆ. ಗುರುತು ಹಿಡಿದರು. "ಏನಪ್ಪಾ ಟೀವಿಯವ್ರು, ಬಹಳ ಅಪರೂಪ" ಅಂತ ನಕ್ಕು, ಎದ್ದು ಕೂಡ ನೋಡದೆ, ಕೂತಲ್ಲಿಂದಲೇ ಕಾದಂಬರಿಗಳ ಹೆಸರನ್ನ ಒಂದಾದ ಮೇಲೊಂದು ಹೇಳ್ತಾ ಹೋದರು. ಇದ್ದದ್ದು ಮೂರು. ಮೂರನ್ನೂ ಕಟ್ಟಿಕೊಟ್ಟು, "ತಾಳು" ಅಂತ ಒಳಗೆ ಹೋಗಿ ರಟ್ಟು ಕಿತ್ತುಹೋದ ಇನ್ನೊಂದನ್ನ ತಂದರು. "ಇದು ಮಾರೋದಲ್ಲ, ನಮ್ಮನೆಯವ್ರದ್ದು. ಅಮ್ಮಂಗೆ ಓದಕ್ಕೆ ಕೊಡು. ಓದಿ ಆದ್ಮೇಲೆ ವಾಪಸ್ ಕಳ್ಸು, ಮರೀಬೇಡ."

ಇನ್ನೂ ವಾಪಸ್ ಹೋಗಿಲ್ಲ. ಅಮ್ಮ ಎರಡನೇ ಸಲ ಓದ್ತಿದ್ದಾರೆ.